ಹೋದ ವರ್ಷದ ಬಾಟಲಿ

ಇದು ಶುರುವಾದದ್ದು ಚಳಿ ಕಾಲು ಕಿತ್ತು, ಬಿಸಿಲು ಇನ್ನೂ ಬಲಿಯದಿದ್ದ ದಿನಗಳಲ್ಲಿ, ಮಧ್ಯಾಹ್ನದ ಊಟದ ಹೊತ್ತಿಗೆ. ಆ ವರ್ಷದ ಮೊದಲ ಟೊಮೆಟೊ ಕ್ರೇಟುಗಳು ಅವತ್ತು ಬೆಳಿಗ್ಗೆ ಬಂದಿದ್ದವು. ಹಿಂದಿನ ಷೆಡ್ಡಿನಲ್ಲಿ ಒಂದರ ಮೇಲೊಂದು ಪೇರಿಸಿಟ್ಟಿದ್ದರಿಂದ ಅಡುಗೆಮನೆಯವರೆಗೂ ಹಸಿ ಗಿಡದ ವಾಸನೆ ಇತ್ತು. ನಾವೆಲ್ಲ ತಟ್ಟೆಯ ಮುಂದೆ ಕೂತಿದ್ದೆವು. ನಮ್ಮ ಅತ್ತಿಗೆಯ ಮೊಮ್ಮಗಳು ಬಂದು, ಕಾಲಿನ ಶೂ ಕಳಚದೆ ಬಾಗಿಲಲ್ಲೇ ನಿಂತಳು.

"ಏನಾಯ್ತೇ ಮಿಡತೆ?" ಅಂದರು ಅತ್ತಿಗೆ. ಚಿಕ್ಕವಳಿದ್ದಾಗ ಗೋಡೆಯಿಂದ ಗೋಡೆಗೆ ಹಾರುತ್ತಿದ್ದಳೆಂದು ಹುಡುಗಿಗೆ ಆ ಹೆಸರು.

"ಓಟ ಆಯ್ತು. ಏಣಿ ಹತ್ತಿದ್ದಾಯ್ತು. ನೀರಿನ ಪೈಪು ಹೊತ್ಕೊಂಡು ಮೈದಾನ ಸುತ್ತಿದ್ದೂ ಆಯ್ತು. ಗಂಡುಹುಡುಗರು ಅರ್ಧ ಜನ ನನ್ನ ಹಿಂದೆ ಇದ್ರು."

"ಮತ್ತೆ ಮುಖ ಯಾಕೆ ಇಳಿದಿದೆ?"

"ರಕ್ತ ಕಡಿಮೆಯಂತೆ. ಹನ್ನೆರಡು ಇರಬೇಕಂತೆ, ನಂದು ಒಂಬತ್ತೂವರೆ."

ಬೆಂಕಿ ಆರಿಸುವ ದಳದಲ್ಲಿ ಹೆಣ್ಣುಮಕ್ಕಳನ್ನೂ ತೆಗೆದುಕೊಳ್ಳುತ್ತಾರೆಂದು ತಿಳಿದ ದಿನದಿಂದ ಅವಳಿಗೆ ಅದೊಂದೇ ಗುಂಗು. ದಿನಾ ನಸುಕಿನಲ್ಲಿ ಎದ್ದು ಓಡುತ್ತಿದ್ದಳು. ಈಗ ಎಲ್ಲ ದಾಟಿ ರಕ್ತದ ಹತ್ತಿರ ನಿಂತಿದ್ದಳು.

"ರಕ್ತ ಕಡಿಮೆ ಇರೋರು ಹೀಗೆ ಎದುರು ಮಾತಾಡ್ತಾರಾ? ಅವರ ಮೆಷಿನ್ನೇ ಸರಿ ಇಲ್ಲ. ಕೂತ್ಕೋ, ಉಣ್ಣು," ಅಂದರು ಅತ್ತಿಗೆ.

"ಮಳೆಗಾಲಕ್ಕೆ ಮುಂಚೆ ಇನ್ನೊಂದು ಸಲ ನೋಡ್ತಾರೆ ಅಜ್ಜಿ. ಆಗಲೂ ಆಗದಿದ್ರೆ ಮುಗೀತು. ಆಮೇಲೆ ವಯಸ್ಸು ಮೀರುತ್ತೆ."

"ಮುಗಿದ್ರೆ ಮುಗೀಲಿ. ಹಣ್ಣು ಕುದಿಸೋ ಕೊಳಗ ಎಲ್ಲಿಗೂ ಹೋಗಲ್ಲ."

ಹುಡುಗಿಯ ತಾಯಿ ತನ್ನ ತಟ್ಟೆಯಲ್ಲಿದ್ದ ಸೊಪ್ಪನ್ನು ಮಗಳ ತಟ್ಟೆಗೆ ಬಡಿಸಿದಳು.

ಆ ಮನೆಯಲ್ಲಿ ನಾವು ಐದು ಜನ. ಅತ್ತಿಗೆ ಎಂದರೆ ತೀರಿಕೊಂಡ ನನ್ನ ಅಣ್ಣನ ಹೆಂಡತಿ, ಬೀದಿಯವರಿಗೆ ಬಾಟಲಿಯಮ್ಮ. ಅವರ ಮಗ ಸಾಮಾನು ಸಾಗಿಸುವ ಗಾಡಿ ಓಡಿಸುತ್ತಾನೆ. ಅವನನ್ನು ಹೊರಗಿನವರು ಮಾತ್ರವಲ್ಲ, ಹೆಂಡತಿಯೂ ಡ್ರೈವರ್ ಎಂದೇ ಅನ್ನುವುದು. ಅವನ ಹೆಂಡತಿ ಬಟ್ಟೆ ಹೊಲಿಯುವ ಕಾರ್ಖಾನೆಗೆ ಹೋಗುತ್ತಾಳೆ. ಅವರಿಬ್ಬರ ಮಗಳು ಮಿಡತೆ. ಬಾಟಲಿ ತೊಳೆಯುವವನು ನಾನು.

ಟೊಮೆಟೊ ಕಾಲದಲ್ಲಿ ಷೆಡ್ಡು ಮನೆಯನ್ನು ಆಳುತ್ತಿತ್ತು. ಹಣ್ಣನ್ನು ಬಿಸಿನೀರಿನಲ್ಲಿ ಅದ್ದಿ ಸಿಪ್ಪೆ ಸುಲಿಯಬೇಕು, ಜರಡಿಯಲ್ಲಿ ಒತ್ತಿ ಬೀಜ ತೆಗೆಯಬೇಕು, ಕೊಳಗದಲ್ಲಿ ಹಾಕಿ ಅರ್ಧಕ್ಕೆ ಇಳಿಯುವವರೆಗೂ ಮರದ ಹುಟ್ಟಿನಿಂದ ತಿರುವಬೇಕು. ಆಮೇಲೆ ಬಾಟಲಿಗೆ ತುಂಬಿ, ಮುಚ್ಚಳ ಒತ್ತಿ, ಬಾಟಲಿಗಳನ್ನೇ ಮತ್ತೆ ಕುದಿಸಬೇಕು. ಅಂಗಡಿಗಳೂ ಕ್ಯಾಂಟೀನುಗಳೂ ವರ್ಷವಿಡೀ ಅದನ್ನು ಕೊಳ್ಳುತ್ತಿದ್ದವು. ತಿರುವುವುದು ಬಲಗೈಯ ಕೆಲಸ. ಕೈ ನಿಂತರೆ ತಳ ಹಿಡಿಯುತ್ತದೆ, ತಳ ಹಿಡಿದರೆ ಇಡೀ ಕೊಳಗ ಚರಂಡಿಗೆ. ಅತ್ತಿಗೆಯ ಹೆಗಲು ಸೋತ ಮೇಲೆ ಹುಟ್ಟು ಮಿಡತೆಯ ಕೈಗೆ ಬಂದಿತ್ತು.

ಇನ್ನೊಂದು ಕಟ್ಟಳೆ ಇತ್ತು. ಅಣ್ಣ ತೀರಿಕೊಂಡ ವರ್ಷ ಅತ್ತಿಗೆ ಮಾಡಿದ್ದು. ಹೊಸ ಹಣ್ಣು ಮಾರಾಟಕ್ಕೆ, ಹೋದ ವರ್ಷದ ಬಾಟಲಿ ಮನೆಗೆ. ಹಣ್ಣು ಬೇಯಿಸುವ ಮನೆಯಲ್ಲಿ ಹಣ್ಣು ತಿನ್ನುವವರಿದ್ದರೆ ಕೊಳಗ ತುಂಬುವುದಿಲ್ಲ ಎನ್ನುತ್ತಿದ್ದರು. ಬಿರುಕು ಬಿಟ್ಟದ್ದು, ಮೆತ್ತಗಾದದ್ದು ಕೂಡ ಕೊಳಗಕ್ಕೇ ಮೊದಲು ಹೋಗುತ್ತಿತ್ತು. ಹೀಗಾಗಿ ಟೊಮೆಟೊ ರಾಶಿಯ ಪಕ್ಕದಲ್ಲೇ ಕೂತು ನಾವು ಚೀಟಿ ಮಾಸಿದ ಹಳೆಯ ಬಾಟಲಿಗಳನ್ನು ರೊಟ್ಟಿಗೂ ಅನ್ನಕ್ಕೂ ಸುರಿದುಕೊಳ್ಳುತ್ತಿದ್ದೆವು. ಆ ಮನೆಯಲ್ಲಿ ಹಸಿ ಟೊಮೆಟೊ ಹೆಚ್ಚಿದ್ದನ್ನು ಎಷ್ಟೋ ವರ್ಷಗಳಿಂದ ನಾನು ಕಂಡಿರಲಿಲ್ಲ. ಅದು ವಿಚಿತ್ರ ಅಂತ ನಮಗೆ ಯಾರಿಗೂ ಅನ್ನಿಸಿಯೂ ಇರಲಿಲ್ಲ.

ತಾಯಿ ಮಗಳು ಸರ್ಕಾರಿ ಚಿಕಿತ್ಸಾಲಯಕ್ಕೆ ಹೋಗಿ ಬಂದರು. ಕಬ್ಬಿಣದ ಮಾತ್ರೆ ಕೊಟ್ಟಿದ್ದರು. ಸೊಪ್ಪು, ಕಾಳು, ಟೊಮೆಟೊ ಚೆನ್ನಾಗಿ ತಿನ್ನಬೇಕು ಎಂದಿದ್ದರು.

"ಟೊಮೆಟೊನಾ?" ಅತ್ತಿಗೆ ನಕ್ಕರು. "ಅದನ್ನ ಹೇಳೋಕೆ ಡಾಕ್ಟರು ಬೇಕಾ? ಈ ಮನೇಲಿ ಇನ್ನೇನಿದೆ?"

ಅವತ್ತಿನಿಂದ ಹುಡುಗಿಯ ಮುಂದೆ ಅವಳಿಗೇ ಅಂತ ಒಂದು ಬಾಟಲಿ ಬಂತು. ಅತ್ತಿಗೆ ಅದರಲ್ಲಿ ಕೈ ಬಿಗಿ ಹಿಡಿಯಲಿಲ್ಲ. "ಸುರ್ಕೋ, ಇನ್ನೂ ಸುರ್ಕೋ. ಒಂದು ಬಾಟಲೀಲಿ ಎಷ್ಟು ಹಣ್ಣು ಇಳಿದಿರುತ್ತೆ ಗೊತ್ತಾ?" ಎನ್ನುವರು. ಹುಡುಗಿ ಸುರಿದುಕೊಂಡಳು. ಮಾತ್ರೆ ನುಂಗಿದರೆ ಹೊಟ್ಟೆ ತೊಳೆಸುತ್ತದೆ ಅಂದಾಗ ಅತ್ತಿಗೆಯೇ ಕಡುಟೀ ಮಾಡಿ, "ಇದರ ಜೊತೆ ನುಂಗು, ಕೂತ್ಕೊಳ್ಳುತ್ತೆ" ಎಂದು ಕೊಟ್ಟರು. ಮಾತ್ರೆ ಕೂತಿತು. ಕ್ರೇಟುಗಳು ಬರುತ್ತಿದ್ದವು, ಬಾಟಲಿಗಳು ಹೋಗುತ್ತಿದ್ದವು. ಸಂಜೆಯಾದರೆ ಹುಡುಗಿಯ ತೋಳು ಮೊಣಕೈವರೆಗೂ ಕೆಂಪು, ಮುಖ ಮಾತ್ರ ಹಾಗೇ ಬಿಳಿಚಿಕೊಂಡಿತ್ತು.

ಕೆಲವು ವಾರ ಕಳೆದ ಮೇಲೆ ಮತ್ತೆ ರಕ್ತ ನೋಡಿಸಬೇಕಾಯಿತು. ತಾಯಿಗೆ ರಜೆ ಸಿಗಲಿಲ್ಲ, ನಾನು ಜೊತೆಗೆ ಹೋದೆ. ಅಲ್ಲಿನ ನರ್ಸಮ್ಮ ಬೆರಳು ಚುಚ್ಚಿ ನೋಡಿದರು. ಅಂಕಿ ಇದ್ದಲ್ಲೇ ಇತ್ತು, ಕೂದಲೆಳೆಯಷ್ಟು ಮೇಲೆ.

"ಮಾತ್ರೆ ನುಂಗ್ತಿಲ್ವಾ?"

"ದಿನಾ ನುಂಗ್ತೀನಿ."

"ಯಾವುದರ ಜೊತೆ?"

"ಟೀ ಜೊತೆ."

ನರ್ಸಮ್ಮ ಪೆನ್ನು ಕೆಳಗಿಟ್ಟರು. "ಟೊಮೆಟೊ ತಿನ್ನು ಅಂದಿದ್ದೆನಲ್ಲ?"

ಹುಡುಗಿ ನನ್ನ ಮುಖ ನೋಡಿದಳು. "ಮೂರು ಹೊತ್ತೂ ಅದೇ ತಾಯಿ," ಅಂದೆ. "ಬಾಟಲಿದು. ಹೋದ ವರ್ಷದ್ದು."

"ಅಯ್ಯೋ ಅಜ್ಜ, ನಾನು ಹೇಳಿದ್ದು ಹಸಿ ಹಣ್ಣು. ಸೊಪ್ಪಲ್ಲಿ ಕಾಳಲ್ಲಿ ಇರೋ ಕಬ್ಬಿಣ ತಾನಾಗೇ ಮೈಗೆ ಹತ್ತಲ್ಲ. ಹಸಿ ಟೊಮೆಟೊದಲ್ಲಿ ಸಿ ಜೀವಸತ್ವ ಇರುತ್ತೆ, ಅದು ಕೈ ಹಿಡಿದು ಒಳಗೆ ಕರ್ಕೊಂಡು ಹೋಗಬೇಕು. ಗಂಟೆಗಟ್ಟಲೆ ಕುದಿಸಿ, ಮತ್ತೆ ಕುದಿಸಿ, ವರ್ಷ ಇಟ್ರೆ ಅದು ಎಷ್ಟು ಉಳಿಯುತ್ತೆ? ಇನ್ನು ಟೀ. ಅದು ಬಾಗಿಲಲ್ಲೇ ನಿಂತು ತಡೆಯುತ್ತೆ."

"ಹಾಗಾದ್ರೆ ಬಾಟಲಿ ದಂಡಾನಾ?"

"ದಂಡ ಯಾಕೆ? ಆ ಕೆಂಪು ಇದೆಯಲ್ಲ, ಅದು ಬೇಯಿಸಿದ ಮೇಲೇ ಮೈಗೆ ಚೆನ್ನಾಗಿ ಸಿಗೋದು. ಹೃದಯಕ್ಕೆ ಒಳ್ಳೇದು ಅಂತಾರೆ. ರಕ್ತದ ಕೆಲಸಕ್ಕೆ ಹಸಿ ಹಣ್ಣು. ಈಗ ಅದರ ಕಾಲ, ಗಿಡದಲ್ಲೇ ಕೆಂಪಾಗಿರುತ್ತೆ. ಕಾಲ ತಪ್ಪಿದ ಮೇಲೆ ಸಿಗೋದು ಕಾಯಿ ಕಿತ್ತು ಹಣ್ಣು ಮಾಡಿದ್ದು, ಅದರಲ್ಲಿ ಈ ಸತ್ವ ಕಡಿಮೆ. ಎರಡು ಹೊತ್ತೂ ಊಟದ ಜೊತೆ ಹೆಚ್ಚಿಕೊಂಡು ತಿನ್ನು. ಮಾತ್ರೆ ಕೂಡ ಆಗಲೇ. ಟೀ ಊಟ ಆಗಿ ತುಂಬಾ ಹೊತ್ತಾದ ಮೇಲೆ."

ರಾತ್ರಿ ಊಟಕ್ಕೆ ಕೂತಾಗ ಹುಡುಗಿ ಇದನ್ನೆಲ್ಲ ಒಪ್ಪಿಸಿದಳು. ಅತ್ತಿಗೆ ಬಾಟಲಿಯ ಮುಚ್ಚಳ ಹಾಕಿ ಪಕ್ಕಕ್ಕಿಟ್ಟರು.

"ಅಂದ್ರೆ ನನ್ನ ಬಾಟಲೀಲಿ ಏನೂ ಇಲ್ಲ."

"ಹೃದಯಕ್ಕೆ ಒಳ್ಳೇದಂತೆ ಅಜ್ಜಿ."

"ಅದಕ್ಕೇ ಈ ಮನೇಲಿ ಯಾರಿಗೂ ಉಪಯೋಗ ಆಗ್ತಿಲ್ಲ," ಅಂದಳು ಸೊಸೆ, ರೊಟ್ಟಿ ಮುರಿಯುತ್ತ.

ಡ್ರೈವರ್ ಕೆಮ್ಮಿದ. ನಾನು ನೀರು ಕುಡಿದೆ.

"ಅಜ್ಜಿ, ದಿನಕ್ಕೆ ನಾಲ್ಕು ಹಣ್ಣು ಕೊಡು, ಸಾಕು," ಅಂದಳು ಹುಡುಗಿ.

"ಈ ವಾರ ಕ್ಯಾಂಟೀನಿನ ಆರ್ಡರ್ ಇದೆ. ಮುಗೀಲಿ."

ಆ ವಾರ ಮುಗಿಯಿತು. ಮುಂದಿನ ವಾರ ಅಂಗಡಿಯ ಆರ್ಡರ್ ಇತ್ತು. ಅದಾದ ಮೇಲೆ ಬಂದ ಹಣ್ಣು ಬಹಳ ಚೆನ್ನಾಗಿದೆ, ಇದನ್ನು ಹಸಿಯಾಗಿ ತಿಂದರೆ ಪಾಪ ಬರುತ್ತದೆ ಎಂದರು. ಷೆಡ್ಡಿನಲ್ಲಿ ಕ್ರೇಟುಗಳ ಮಧ್ಯೆ ನಿಂತು ಕೊಳಗ ತಿರುವುತ್ತಿದ್ದ ಹುಡುಗಿಗೆ ನಾನೊಂದು ದಿನ, "ಒಂದು ಎತ್ಕೊಳ್ಳೇ, ಯಾರು ನೋಡ್ತಾರೆ" ಅಂದೆ.

"ಬೇಡ ಚಿಕ್ಕಜ್ಜ. ಕೊಟ್ರೆ ತಿಂತೀನಿ. ಕದ್ದು ತಿಂದು ಬೆಂಕಿ ಆರಿಸೋಕೆ ಹೋಗಲ್ಲ."

ಅದೇ ವಾರ ಸೊಸೆ ಕಾರ್ಖಾನೆಯಿಂದ ಬರುವಾಗ ಬೀದಿ ಮೂಲೆಯ ತರಕಾರಿ ಗಾಡಿಯಲ್ಲಿ ಟೊಮೆಟೊ ಕೊಂಡು ತಂದಳು. ಗಾಡಿಯವಳು ತಕ್ಕಡಿ ಹಿಡಿದವಳು ಹಿಡಿದಂತೆಯೇ ನಿಂತಳಂತೆ. "ಏನಕ್ಕಾ, ಸಮುದ್ರದ ಮನೆಯವರು ಉಪ್ಪಿಗೆ ಬಂದ್ರಾ?" ಎಂದಳಂತೆ. "ತೂಗು, ಮಾತಾಡಬೇಡ" ಎಂದಳಂತೆ ಸೊಸೆ. ಮನೆಗೆ ಬಂದು ತೊಳೆದು, ಹೋಳು ಮಾಡಿ, ಉಪ್ಪು ಉದುರಿಸಿ ಮಗಳ ತಟ್ಟೆಗಿಟ್ಟಳು. ಅತ್ತಿಗೆ ಆ ತಟ್ಟೆಯನ್ನು ನೋಡಿ ತಮ್ಮ ತಟ್ಟೆಯತ್ತ ತಿರುಗಿದರು.

"ಬೆಣ್ಣೆ ಕೈಲಿಟ್ಕೊಂಡು ತುಪ್ಪಕ್ಕೆ ಊರೆಲ್ಲ ಅಲೆದ್ರಂತೆ," ಅಂದರು.

"ಬೆಣ್ಣೆ ಮೇಲೆ ಬೇರೆಯವರ ಕೈ ಇದ್ರೆ ಅಲೀಬೇಕಾಗುತ್ತೆ ಅತ್ತೆ."

ದಿನಾ ಹೀಗೇ ನಡೆಯಿತು. ಡ್ರೈವರ್ ಹಗಲು ತನ್ನ ಗಾಡಿಯಲ್ಲಿ ಕ್ರೇಟುಗಟ್ಟಲೆ ಟೊಮೆಟೊ ತಂದು ಇಳಿಸುವನು, ಸಂಜೆ ಅವನ ಹೆಂಡತಿ ಚೀಲದಲ್ಲಿ ಟೊಮೆಟೊ ಹಿಡಿದು ಬರುವಳು. ಗಾಡಿಯವಳ ಬಾಯಿಗೆ ಬೀಗವಿಲ್ಲ. ಅವಳು ನಗೆಗೆ ಹೇಳಿದ್ದು ಬೀದಿಯ ಆ ತುದಿಗೆ ಹೋಗುವಷ್ಟರಲ್ಲಿ ನಗೆ ಉದುರಿಹೋಗಿ ಬರೀ ಸುದ್ದಿ ಉಳಿಯಿತು: ಬಾಟಲಿಯಮ್ಮನ ಮನೆಯವರೇ ಬಾಟಲಿಯಮ್ಮನ ಹಣ್ಣು ಮುಟ್ಟುವುದಿಲ್ಲ.

ಒಂದು ಮಧ್ಯಾಹ್ನ ಕ್ಯಾಂಟೀನಿನವನು ಬಂದ. ಕೊಟ್ಟ ಟೀ ಕುಡಿದ. ಬಾಟಲಿಗಳನ್ನು ಒಂದೊಂದಾಗಿ ಬೆಳಕಿಗೆ ಹಿಡಿದು ನೋಡಿದ. ಹಿಂದೆ ಎಂದೂ ಹಾಗೆ ನೋಡಿದವನಲ್ಲ.

"ತಪ್ಪು ತಿಳೀಬೇಡಿ ಅಮ್ಮ. ಗಿರಾಕಿಗಳು ಕೇಳ್ತಾರೆ. ಹಣ್ಣಿಗೆ ಏನಾದ್ರೂ ಹಾಕ್ತೀರಾ?"

"ಏನು ಹಾಕ್ತಾರೆ? ಉಪ್ಪು."

"ಅಲ್ಲ, ನಿಮ್ಮ ಸೊಸೇನೇ ಗಾಡೀಲಿ ಕೊಳ್ತಾರಂತೆ. ಅದಕ್ಕೆ ಕೇಳಿದೆ. ಈ ತಿಂಗಳು ಬಾಟಲಿ ಬೇಡ, ಮುಂದೆ ನೋಡೋಣ."

ಅವನು ಹೋದ ಮೇಲೆ ಅತ್ತಿಗೆ ಸೊಸೆ ಬರುವವರೆಗೂ ಬಾಗಿಲ ಹತ್ತಿರದ ಕುರ್ಚಿಯಿಂದ ಏಳಲಿಲ್ಲ. ಸೊಸೆ ಒಳಗೆ ಕಾಲಿಟ್ಟಳು, ಕೈಯಲ್ಲಿ ಚೀಲ.

"ಮನೇನ ಬೀದಿಗೆ ತಂದೆಯಲ್ಲೇ."

"ನಾನು ಬೀದಿಯಿಂದ ಮನೆಗೆ ತಂದಿದ್ದು ಅತ್ತೆ. ಟೊಮೆಟೊ."

"ಕ್ಯಾಂಟೀನಿನವನು ಆರ್ಡರ್ ಬಿಟ್ಟು ಹೋದ."

"ಮಗಳ ತಟ್ಟೆಗೆ ಮೊದಲೇ ನಾಲ್ಕು ಹಾಕಿದ್ರೆ ಅವನು ಹೋಗ್ತಿರಲಿಲ್ಲ."

"ಮೊದಲು ಊಟ ಮಾಡೋಣ," ಅಂದ ಡ್ರೈವರ್.

"ನೀನು ಸುಮ್ನಿರು," ಅಂದರು ಅತ್ತಿಗೆ. "ನೀವು ಸುಮ್ನಿರಿ," ಅಂದಳು ಸೊಸೆ. ಆ ಸಂಜೆ ಇಬ್ಬರೂ ಒಪ್ಪಿದ ಮಾತು ಅದೊಂದೇ.

"ನೇರವಾಗಿ ಕೇಳ್ತೀನಿ ಅತ್ತೆ. ಅವಳು ಹೋಗಬಾರದು, ಅಲ್ವಾ?"

"ಹೋದ್ರೆ ಹುಟ್ಟು ಹಿಡಿಯೋರು ಯಾರು? ನೀನು ಹಿಡೀತೀಯಾ?"

"ನಾನು ಹೊಲಿಗೆ ಬಿಡಲ್ಲ."

"ಹಾಗಾದ್ರೆ?"

"ಕೊಳಗಕ್ಕೋಸ್ಕರ ಹೆತ್ತಿದ್ದಲ್ಲ ನಾನು ಅವಳನ್ನ."

ಹುಡುಗಿ ಷೆಡ್ಡಿನ ಬಾಗಿಲಲ್ಲಿ ನಿಂತು ಎಲ್ಲ ಕೇಳಿಸಿಕೊಂಡಿದ್ದಳು. "ಅಮ್ಮ, ಸಾಕು. ನಾಳೆಯಿಂದ ತರಬೇಡ. ನಿಮ್ಮ ಜಗಳ ತಿಂದು ನನಗೆ ರಕ್ತ ಹೆಚ್ಚಾಗಲ್ಲ," ಅಂದಳು. ಸೊಸೆ ತಂದ ಚೀಲ ಅಡುಗೆಮನೆಯ ಕಟ್ಟೆಯ ಮೇಲೆ ಹಾಗೇ ಉಳಿಯಿತು.

ಮರುದಿನ ಜನ ಕೆಲಸಕ್ಕೆ ಹೋಗುವ ಹೊತ್ತಿಗೆ ಅತ್ತಿಗೆ ನನ್ನನ್ನು ಕರೆದು ಕುರ್ಚಿಯನ್ನು ಬೀದಿಬಾಗಿಲ ಮೆಟ್ಟಿಲ ಮೇಲೆ ಇಡಿಸಿದರು. ಅವತ್ತು ಬಂದ ಕ್ರೇಟಿನಿಂದ ಒಳ್ಳೊಳ್ಳೆ ಹಣ್ಣು ಆರಿಸಿ ಬುಟ್ಟಿಗೆ ತುಂಬಿದರು. ಉಪ್ಪಿನ ಬಟ್ಟಲು, ಚಾಕು, ತಟ್ಟೆ. ಬೇಯಿಸಿದ ಕಾಳನ್ನೂ ರೊಟ್ಟಿಯನ್ನೂ ಅಲ್ಲಿಗೇ ತಂದಿಟ್ಟರು.

"ಮಿಡತೆ, ಬಾ ಇಲ್ಲಿ. ಕೂತ್ಕೊಂಡು ತಿನ್ನು."

"ಬೀದೀಲಾ?"

"ಬೀದೀಲಿ ಹೋದ ಮಾನ ಬೀದೀಲೇ ಬರಬೇಕು. ನಿಧಾನವಾಗಿ ತಿನ್ನು. ಬೇಗ ಬಾಯಿ ಒರೆಸ್ಕೋಬೇಡ."

ಹುಡುಗಿ ತಾಯಿಯ ಮುಖ ನೋಡಿದಳು. ಸೊಸೆ ಕೆಲಸಕ್ಕೆ ಹೊರಟವಳು ಚಪ್ಪಲಿ ಮೆಟ್ಟುತ್ತ, "ತಿನ್ನು. ಯಾಕೆ ಕೊಟ್ರು ಅಂತ ರಕ್ತ ಕೇಳಲ್ಲ," ಎಂದು ಹೊರಟುಹೋದಳು.

ಮಿಡತೆ ತಿಂದಳು. ಹೋಗುವವರು ಬರುವವರು ನೋಡಿದರು. ಕೆಲವರು ನಿಂತರು. ಗಾಡಿಯವಳು ಗಾಡಿ ತಳ್ಳಿಕೊಂಡು ಬಂದು ಮೆಟ್ಟಿಲ ಎದುರಿಗೇ ನಿಲ್ಲಿಸಿದಳು.

"ಮೊಮ್ಮಗಳಿಗೆ ತಿನ್ನಿಸ್ತೀರಿ, ಸರಿ. ನೀವು ತಿಂತೀರಾ ಬಾಟಲಿಯಮ್ಮ?"

"ನನಗೇನು ಕಷ್ಟ?"

"ಹಾಗಾದ್ರೆ ತಿನ್ನಿ, ನೋಡೋಣ. ಕಣ್ತುಂಬಿಸ್ಕೊಂಡು ಹೋಗ್ತೀನಿ."

ಅತ್ತಿಗೆ ಬುಟ್ಟಿಯಿಂದ ಒಂದು ಹಣ್ಣು ಎತ್ತಿ ಸೆರಗಿನಲ್ಲಿ ಒರೆಸಿ ಕಚ್ಚಿದರು. ರಸ ಗಲ್ಲದಿಂದ ಇಳಿಯಿತು. ಬಹಳ ಹೊತ್ತು ಅಗಿದರು.

"ಹೇಗಿದೆ?" ಅಂದಳು ಗಾಡಿಯವಳು.

"ಹುಳಿ," ಎಂದರು ಅತ್ತಿಗೆ. ಆ ಹಣ್ಣು ಮುಗಿಸಿ ಇನ್ನೊಂದು ಎತ್ತಿಕೊಂಡರು. ಗಾಡಿಯವಳು ನಗುತ್ತ ಹೊರಟಳು. ಅವಳು ಬೀದಿ ತಿರುವು ದಾಟಿದ ಮೇಲೂ ಅತ್ತಿಗೆ ತಿನ್ನುತ್ತಲೇ ಇದ್ದರು.

ಆಮೇಲೆ ಅದು ದಿನದ ರೂಢಿಯಾಯಿತು. ಬೆಳಿಗ್ಗೆ ಮೆಟ್ಟಿಲ ಮೇಲೆ, ರಾತ್ರಿ ಒಳಗೆ. ಕಡುಟೀ ಊಟದಿಂದ ದೂರ ಸರಿಯಿತು. ಅದಕ್ಕೆ ಹೆಚ್ಚು ಗೊಣಗಿದವನು ಡ್ರೈವರ್. ಮೊದಲು ಹುಡುಗಿಯ ತಟ್ಟೆಗೆ ಮಾತ್ರ ಹೋಳು ಬೀಳುತ್ತಿತ್ತು. ಬರಬರುತ್ತ ಎಲ್ಲರ ತಟ್ಟೆಗೂ ಬಿತ್ತು. ಸೊಸೆಯ ತಟ್ಟೆಗೆ ಅತ್ತಿಗೆ ಹಾಕುತ್ತಿರಲಿಲ್ಲ, ತಟ್ಟೆಯನ್ನು ಅವಳ ಕಡೆಗೆ ತಳ್ಳುತ್ತಿದ್ದರು, ಅಷ್ಟೆ. ಕ್ಯಾಂಟೀನಿನವನು ವಾಪಸ್ ಬಂದ, ಆದರೆ ಮೊದಲಿಗಿಂತ ಕಡಿಮೆ ಬಾಟಲಿ ಕೇಳಿದ. ಅತ್ತಿಗೆ ಚೌಕಾಸಿ ಮಾಡಲಿಲ್ಲ.

ಬಿಸಿಲು ಬಲಿತು, ಕ್ರೇಟುಗಳು ಕಡಿಮೆಯಾಗತೊಡಗಿದ ಹೊತ್ತಿಗೆ ದಳದವರು ಎರಡನೇ ಸಲ ಕರೆದರು. ತಾಯಿ ಅವತ್ತು ರಜೆ ಹಾಕಿ ಜೊತೆಗೆ ಹೋದಳು. ಅತ್ತಿಗೆ ಕೊಳಗದ ಮುಂದೆ ಕೂತು ತಾವೇ ಹುಟ್ಟು ತಿರುವಿದರು. ನಾನು ಕೇಳಿದರೂ ಕೊಡಲಿಲ್ಲ. ಇಬ್ಬರೂ ವಾಪಸ್ ಬಂದಾಗಲೂ ಅತ್ತಿಗೆ ತಲೆ ಎತ್ತಲಿಲ್ಲ.

"ಹನ್ನೆರಡು ದಾಟಿತು ಅಜ್ಜಿ," ಅಂದಳು ಹುಡುಗಿ.

"ಎಷ್ಟು ದಾಟಿತು?"

"ಸ್ವಲ್ಪ."

"ಸ್ವಲ್ಪ ಸಾಕಾ ಅವರಿಗೆ?"

"ಸಾಕಂತೆ. ಸೋಮವಾರ ತರಬೇತಿಗೆ ಬರಬೇಕಂತೆ. ಮುಖ್ಯ ರಸ್ತೆ ಹತ್ತಿರ ಬಸ್ಸು ನಿಲ್ಲಿಸ್ತಾರೆ."

ಅತ್ತಿಗೆ ಹುಟ್ಟಿನ ತುದಿಯಿಂದ ಒಂದು ಹನಿ ತೆಗೆದು ಬೆರಳ ಮೇಲಿಟ್ಟು ಹದ ನೋಡಿದರು. "ಇನ್ನೂ ಇಳೀಬೇಕು," ಎಂದರು. ಅದು ಕೊಳಗದ ಮಾತು.

ಆ ರಾತ್ರಿ ಊಟದ ಹೊತ್ತಿಗೆ ಅವರು ಡ್ರೈವರನಿಗೆ, "ಸೋಮವಾರ ಕ್ರೇಟು ಬೇಡ ಅಂತ ತೋಟದವನಿಗೆ ಹೇಳಿಬಿಡು," ಅಂದರು. "ಯಾಕಮ್ಮ, ಕಾಲ ಮುಗೀತಾ ಬಂತು, ಸಿಕ್ಕಷ್ಟು ತರಬೇಕಲ್ವಾ," ಎಂದ. "ಬೇಡ ಅಂದೆನಲ್ಲ," ಎಂದರು. ಸೊಸೆ ಅತ್ತೆಯ ಮುಖ ನೋಡಿ, ನೀರು ಬಗ್ಗಿಸಿಕೊಟ್ಟಳು. ಇಸ್ತ್ರಿ ಮಾಡಲು ಅತ್ತಿಗೆ ತಾವು ಹೊರಗೆ ಹೋಗುವಾಗ ಉಡುವ ಸೀರೆಯನ್ನೂ ಕೊಟ್ಟಿದ್ದರು.

ಗುರುವಾರ ಬೆಳಿಗ್ಗೆ ಒಲೆ ಹೊತ್ತಿಸಿ, ಕೊಳಗ ಏರಿಸಿ, ಕುದಿ ಬಂದ ಮೇಲೆ ದಳದ ಕಚೇರಿಯಿಂದ ಫೋನ್ ಬಂತು. ಬಸ್ಸು ಇವತ್ತೇ ಹೊರಡುತ್ತದೆ, ಮಧ್ಯಾಹ್ನದೊಳಗೆ ಮುಖ್ಯ ರಸ್ತೆಗೆ ಬಂದವರಿಗಷ್ಟೇ ಜಾಗ. ಮನೆಯಲ್ಲಿ ಓಡಾಟ ಎದ್ದಿತು. ಸೊಸೆ ಕಾರ್ಖಾನೆಯಿಂದ ಓಡಿಬಂದಳು. ಡ್ರೈವರ್ ಗಾಡಿಯಿಂದ ಖಾಲಿ ಕ್ರೇಟು ಇಳಿಸಿ ಟ್ರಂಕು ಏರಿಸಿದ.

ನಾನು ಷೆಡ್ಡಿಗೆ ಹೋಗಿ, "ಅತ್ತಿಗೆ, ಹುಟ್ಟು ಇಲ್ಲಿ ಕೊಡಿ. ನೀವು ಹೋಗಿ ಕಳಿಸಿ ಬನ್ನಿ," ಅಂದೆ.

"ನಿನ್ನ ಕೈ ಅರ್ಧಕ್ಕೆ ನಿಲ್ಲುತ್ತೆ. ಈಗ ತಳ ಹಿಡಿಯೋ ಹೊತ್ತು."

"ಹಿಡಿದ್ರೆ ಹಿಡೀಲಿ."

"ಹಿಡಿದ್ರೆ ಹಿಡೀಲಿ ಅಂತ ನಿಮ್ಮಣ್ಣ ಕೂಡ ಒಂದು ದಿನಾನೂ ಅನ್ನಲಿಲ್ಲ."

ಹುಡುಗಿಯೇ ಒಳಗೆ ಬಂದಳು. ಹೆಗಲಿಗೆ ಚೀಲ, ಕಾಲಿಗೆ ಶೂ. ಅತ್ತಿಗೆಯ ಕೈಯಿಂದ ಹುಟ್ಟು ತೆಗೆದುಕೊಂಡು ತಾನೇ ನಾಲ್ಕು ಸುತ್ತು ತಿರುವಿದಳು. ಅತ್ತಿಗೆ ಆ ಹೊತ್ತಿನಲ್ಲಿ ಸೆರಗಿನಿಂದ ಮುಖದ ಬೆವರು ಒರೆಸಿಕೊಂಡರು.

"ಸೋಮವಾರ ಅಂದಿದ್ರಲ್ಲೇ," ಎಂದರು.

"ಅವರು ಬದಲಾಯಿಸಿದ್ರು ಅಜ್ಜಿ. ನಾನೇನು ಮಾಡ್ಲಿ?"

"ಏನೂ ಮಾಡಬೇಡ. ಹೋಗಿ ಊರಿನ ಬೆಂಕಿ ಆರಿಸು. ಇಲ್ಲಿದನ್ನ ನಾನು ನೋಡ್ಕೋತೀನಿ." ಹುಟ್ಟು ವಾಪಸ್ ತೆಗೆದುಕೊಂಡರು. "ಹೋಗು, ಬಸ್ಸು ಕಾಯಲ್ಲ. ಅಲ್ಲಿ ಊಟದ ಜೊತೆ ಟೀ ಕೊಟ್ರೆ ಬೇಡ ಅನ್ನು."

ಗಾಡಿ ಶುರುವಾದ ಸದ್ದು, ಆಮೇಲೆ ತಿರುವಿನಲ್ಲಿ ಅದರ ಹಾರ್ನು ಷೆಡ್ಡಿಗೂ ಕೇಳಿಸಿತು. ಅತ್ತಿಗೆಯ ಕೈ ಒಂದು ಸುತ್ತು ನಿಂತಿತು, ಮತ್ತೆ ತಿರುಗಿತು.

ಸೋಮವಾರ ಕ್ರೇಟು ಬರಲಿಲ್ಲ, ಒಲೆ ಹೊತ್ತಲಿಲ್ಲ. ಅತ್ತಿಗೆ ಇಸ್ತ್ರಿಯ ಸೀರೆ ಉಟ್ಟು ಮುಖ್ಯ ರಸ್ತೆಯವರೆಗೆ ನಡೆದುಹೋಗಿ, ಬಸ್ಸು ನಿಲ್ಲಬೇಕಿದ್ದ ಜಾಗದಲ್ಲಿ ಸ್ವಲ್ಪ ಹೊತ್ತು ನಿಂತು, ವಾಪಸ್ ಬಂದರು. ಎಲ್ಲಿಗೆ ಹೋಗಿದ್ದಿರಿ ಎಂದು ಸೊಸೆ ಕೇಳಲಿಲ್ಲ. ಅತ್ತೆಗೆ ಅನ್ನ ಬಡಿಸಿ ಪಕ್ಕದಲ್ಲೇ ಕೂತಳು. ಹುಡುಗಿ ಹೋದದ್ದು ಗುರುವಾರ.